ಫಿನ್ನಿಶ್, ಅರ್ಧ

ಬರೆದದ್ದು ನಾನೇ. ಯಾರ ಒತ್ತಾಯವೂ ಇರಲಿಲ್ಲ, ಕೈತಪ್ಪೂ ಅಲ್ಲ. ಸ್ವೀಡನ್ನಿನಲ್ಲಿ ವೈದ್ಯಕೀಯ ಓದಿಗೆ ಅರ್ಜಿ ಹಾಕುವಾಗ, ನಿಮ್ಮ ಬಗ್ಗೆ ಹೇಳಿ ಎಂದು ಕೇಳಿದ್ದ ಹಾಳೆಯಲ್ಲಿ, ಭಾಷೆಗಳ ಜಾಗಕ್ಕೆ ಬಂದಾಗ ಹೀಗೆ ಬರೆದೆ: ಕನ್ನಡ, ಪೂರ್ತಿ. ಇಂಗ್ಲಿಷ್, ಪೂರ್ತಿ. ಸ್ವೀಡಿಶ್, ಓದಿಗೂ ಕೆಲಸಕ್ಕೂ ಸಾಕಾಗುವಷ್ಟು. ತೆಲುಗು, ಕೇಳಿದರೆ ಮುಕ್ಕಾಲು ತಿಳಿಯುತ್ತದೆ, ಮಾತು ಅರ್ಧ. ತಮಿಳು, ಅರ್ಧ. ಉರ್ದು, ಜಗಳವಾಡುವಷ್ಟು. ಫಿನ್ನಿಶ್, ಅರ್ಧ; ಎಲ್ಲಿ ನೋವು ಎಂದು ಕೇಳಬಲ್ಲೆ, ಉತ್ತರದಲ್ಲಿ ಅರ್ಧ ತಿಳಿದುಕೊಳ್ಳಬಲ್ಲೆ.

ಇದರಿಂದಲೇ ನನ್ನ ಸೀಟು ಹೋಗುತ್ತದೆ ಎಂದು ಹೇಳದವರಿಲ್ಲ. ಓದಿದವರು ಹೇಳಿದರು, ಓದದವರೂ ಹೇಳಿದರು. ಅವರೆಲ್ಲರಿಗೂ ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇನೆ ಎಂದುಕೊಂಡರೂ ತಪ್ಪಿಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಉತ್ತರ ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದ ಊರಿಗೆ ನನ್ನ ಗಂಡ ಪಿಎಚ್‌ಡಿ ಮಾಡಲು ಬಂದಿದ್ದ. ಅವನ ವೀಸಾದ ಬಾಲ ಹಿಡಿದುಕೊಂಡು ನಾನು ಬಂದೆ. ಬೆಂಗಳೂರಿನಲ್ಲಿ ನಾನು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ, ಸ್ಲೈಡ್ ನೋಡುವ ಕೆಲಸದಲ್ಲಿದ್ದೆ. ಪಿಯುಸಿ ಮುಗಿದಾಗ ಮೆಡಿಕಲ್ ಸೀಟು ಸ್ವಲ್ಪದರಲ್ಲಿ ಕೈತಪ್ಪಿತ್ತು. ಇನ್ನೊಂದು ವರ್ಷ ಕೂತು ಓದುತ್ತೇನೆ ಎಂದದ್ದಕ್ಕೆ ಮನೆಯಲ್ಲಿ, ಹುಡುಗಿಗೆ ಬಿ.ಎಸ್ಸಿ. ಸಾಲದೇನು ಎಂದು ಬಾಯಿ ಮುಚ್ಚಿಸಿದ್ದರು. ಆ ಸಿಟ್ಟು ನನ್ನಲ್ಲಿ ಆರಿರಲೇ ಇಲ್ಲ. ಸ್ವೀಡನ್ನಿಗೆ ಬಂದ ಮೇಲೆ ನೋಡಿದರೆ, ಇಲ್ಲಿ ಮೂವತ್ತರ ಆಸುಪಾಸಿನಲ್ಲಿ ಮೆಡಿಕಲ್ ಸೇರುವುದು ಯಾರೂ ತಿರುಗಿ ನೋಡದ ವಿಷಯ. ಫೀಸೂ ಇಲ್ಲ. ಮೊದಲು ಸ್ವೀಡಿಶ್ ಕಲಿತೆ, ಆಮೇಲೆ ಕೊಮ್‌ವುಕ್ಸ್ ಎಂಬ ವಯಸ್ಕರ ಶಾಲೆಯಲ್ಲಿ ಹದಿನೆಂಟರ ಹುಡುಗರ ಪಕ್ಕ ಕೂತು ಬೇಕಾದ ವಿಷಯಗಳನ್ನು ಮತ್ತೆ ಓದಿದೆ.

ನಾನು ಅರ್ಜಿ ಹಾಕಿದ ಕಡೆ ಎಲ್ಲ ಸೀಟುಗಳನ್ನೂ ಅಂಕ ನೋಡಿ ಕೊಡುತ್ತಿರಲಿಲ್ಲ. ಕೆಲವನ್ನು ಅಭ್ಯರ್ಥಿ ತನ್ನ ಬಗ್ಗೆ ಬರೆದದ್ದನ್ನು ಓದಿ, ಕರೆಸಿ ಮಾತಾಡಿಸಿ ಕೊಡುತ್ತಿದ್ದರು. ನನ್ನ ಅಂಕಗಳಿಗೆ ಇದ್ದದ್ದು ಅದೊಂದೇ ಬಾಗಿಲು. ಅದೂ ಒಂದೇ ಸಲ. ಗಂಡನ ಪಿಎಚ್‌ಡಿ ಆ ವರ್ಷ ಮುಗಿಯುತ್ತಿತ್ತು, ಅದರ ಜೊತೆಗೆ ನಮ್ಮ ವೀಸಾ ಕೂಡ. ನನಗೆ ಸೀಟು ಸಿಕ್ಕರೆ ಅವನು ಅಲ್ಲೇ ಏನಾದರೂ ಕೆಲಸ ಹುಡುಕುವುದು, ಸಿಗದಿದ್ದರೆ ಗಂಟುಮೂಟೆ ಕಟ್ಟುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ವಾಪಸ್ಸು ಹೋದರೆ ಮತ್ತೆ ಅದೇ ಲ್ಯಾಬು, ಅದೇ ಸೂಜಿ.

ಇನ್ನು ಈ ಅರ್ಧ ಭಾಷೆಗಳ ವಿಷಯ. ನಮ್ಮ ತಾಯಿಯ ಕಡೆಯವರು ಕೋಲಾರದ ಸೀಮೆಯವರು. ಮನೆಯೊಳಗೆ ತೆಲುಗಿನಲ್ಲಿ ಬೈದು, ಕಾಗದವನ್ನು ಕನ್ನಡದಲ್ಲಿ ಬರೆಯುವ ಜನ. ಬೆಂಗಳೂರಿನಲ್ಲಿ ನಮ್ಮ ಪಕ್ಕದ ಮನೆ ತಮಿಳರದು, ಎದುರಿನ ಟೈಲರ್ ಅಂಗಡಿ ಉರ್ದು ಮಾತಾಡುವವರದು. ಹೂವಿನವಳು ತಮಿಳಿನಲ್ಲಿ ಬೆಲೆ ಹೇಳಿದರೆ ನಾವು ತಮಿಳಿನಲ್ಲೇ ಚೌಕಾಸಿ ಮಾಡುತ್ತಿದ್ದೆವು. ಟೈಲರ್ ಬ್ಲೌಸನ್ನು ಹೇಳಿದ ದಿನಕ್ಕೆ ಕೊಡದಿದ್ದರೆ ಉರ್ದುವಿನಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದೆವು. ಎದುರಿನವರ ಭಾಷೆಯಲ್ಲಿ, ಬಂದಷ್ಟು ಬರಲಿ ಎಂದು ಬಾಯಿ ಹಾಕುವುದು ನಮ್ಮ ಜನರ ಚಾಳಿ. ಅಭಿಮಾನವಿಲ್ಲದವರು ಎಂದು ನಮ್ಮವರೇ ನಮ್ಮನ್ನು ಬೈಯುವುದೂ ಇದಕ್ಕೇ. ಬೈಯಲಿ. ಆದರೆ ಆ ಚಾಳಿಯಲ್ಲಿ ಒಂದು ಧೈರ್ಯವಿದೆ ಎಂದು ನನಗೆ ತಿಳಿದದ್ದು ಸ್ವೀಡನ್ನಿಗೆ ಬಂದ ಮೇಲೆ.

ಇಲ್ಲಿನವರು ಇದಕ್ಕೆ ತದ್ವಿರುದ್ಧ. ನಾನು ಅಂಗಡಿಯಲ್ಲಿ ಸ್ವೀಡಿಶ್ ಆಡುತ್ತಾ ಒಂದು ಪದಕ್ಕೆ ತಡವರಿಸಿದರೆ ಸಾಕು, ಕೌಂಟರಿನವಳು ಇಂಗ್ಲಿಷಿಗೆ ಹಾರುತ್ತಿದ್ದಳು. ಅದು ಸೌಜನ್ಯವಂತೆ. ನಿನಗೆ ಸುಲಭವಾಗಲಿ ಎಂದಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಕಟ್ಟಿಕೊಂಡು ಹೋದ ಮಾತನ್ನು ಅರ್ಧಕ್ಕೇ ಕಿತ್ತುಕೊಂಡು, ತಗೋ ಇದು ನಿನಗೆ ಸಾಕು ಎಂದು ಇಂಗ್ಲಿಷನ್ನು ಕೈಗಿಟ್ಟರೆ ಯಾರಿಗೆ ಸಹನೆ ಇರುತ್ತದೆ? ಅವರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ನಾನು ಹಟ ಹಿಡಿದು ಸ್ವೀಡಿಶ್‌ನಲ್ಲೇ ಉತ್ತರ ಕೊಡುತ್ತಿದ್ದೆ. ಹಿಂದೆ ಕ್ಯೂ ಬೆಳೆದರೆ ಬೆಳೆಯಲಿ.

ಫಿನ್ನಿಶ್ ಬಂದದ್ದು ಬಟ್ಟೆ ಒಗೆಯುವ ಕೋಣೆಯಿಂದ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಕೋಣೆ, ಮುಂಚೆಯೇ ಹೆಸರು ಹಾಕಿ ಸಮಯ ಹಿಡಿದುಕೊಳ್ಳಬೇಕು. ನನ್ನ ನಂತರದ ಸರದಿ ಕೆಳಗಿನ ಮನೆಯ ಮುದುಕಿಯದು. ಹರೆಯದಲ್ಲಿ ಫಿನ್ಲೆಂಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದು, ಗಂಡನನ್ನು ಇಲ್ಲೇ ಮಣ್ಣು ಮಾಡಿ, ಒಬ್ಬಳೇ ಇದ್ದವಳು. ಒಂದು ದಿನ, ಬಟ್ಟೆ ಒಣಗಿಸುವ ಮಿಷನ್ನಿನ ಜಾಲರಿಯಲ್ಲಿ ನಮ್ಮ ಬಟ್ಟೆಗಳ ನೂಲುಕಸ ತೆಗೆಯದೆ ಬಿಟ್ಟಿದ್ದೆ. ಆಕೆ ಜಾಲರಿಯನ್ನು ನನ್ನ ಮೂಗಿನ ಮುಂದೆ ಹಿಡಿದು ಸ್ವೀಡಿಶ್‌ನಲ್ಲಿ ಶುರುಮಾಡಿದಳು. ಸಿಟ್ಟು ಏರಿದ ಹಾಗೆ ಸ್ವೀಡಿಶ್ ಕಾಲು ಕಿತ್ತು, ಫಿನ್ನಿಶ್ ಧಾರಾಕಾರವಾಗಿ ಸುರಿಯಿತು. ಆಕೆ ಮತ್ತೆ ಮತ್ತೆ ಆಡಿದ ಒಂದು ಪದವನ್ನು ಹಿಡಿದುಕೊಂಡು, ನಮ್ಮ ಚಾಳಿಯಂತೆ, ನಾನೂ ಅದನ್ನೇ ಆಕೆಗೆ ವಾಪಸ್ಸು ಎಸೆದೆ. ಅದು ಬೈಗುಳವೆಂದು ಊಹಿಸಿದ್ದೆ; ಊಹೆ ಸರಿಯಾಗಿತ್ತು. ಮುದುಕಿ ಒಂದು ಕ್ಷಣ ಬಾಯಿ ತೆರೆದು ನಿಂತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತೇ ಮನೆಗೆ ಕರೆದು ಕಾಫಿ ಕೊಟ್ಟಳು.

ಅಲ್ಲಿಂದ ಮುಂದೆ ವಾರಕ್ಕೊಮ್ಮೆಯಾದರೂ ಆಕೆಯ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಆಕೆಗೆ ಸಂಧಿವಾತ. ನೋವು ಹೆಚ್ಚಾದಾಗಲೂ ಸ್ವೀಡಿಶ್ ಕೈಕೊಡುತ್ತಿತ್ತು. ಹಾಗಾಗಿ ನನ್ನ ಫಿನ್ನಿಶ್ ಎಂದರೆ ಮೊಣಕಾಲು, ಸೊಂಟ, ಭುಜ, ಬಿಸಿನೀರು, ನಿಲ್ಲು, ಕೂರು, ಇವತ್ತು ಪರವಾಗಿಲ್ಲ, ಇವತ್ತು ಸಾಯುವ ಹಾಗಿದೆ. ಆಕೆ ಮೊದಲು ಬಾಯಿಪಾಠ ಮಾಡಿಸಿದ್ದು ಮಾತ್ರ ಬೇರೆ. ನಾನು ಆಕೆ ಹೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದೆ, ನಮ್ಮ ಕಡೆ ಹಿರಿಯರ ಮುಂದೆ ಆಡಿಸುವ ಹಾಗೆ. ಒಂದು ದಿನ ಆಕೆ ಎರಡೂ ಕೈಯಿಂದ ನನ್ನ ತಲೆಯನ್ನು ಹಿಡಿದು ನಿಲ್ಲಿಸಿದಳು.

"ತಲೆ ಆಡಿಸಬೇಡ. ನಿನಗೆ ತಿಳಿದಿಲ್ಲ. ತಿಳಿಯದಿದ್ದರೆ ಹೇಳು: ಎನ್ ಉಮ್ಮಾರಾ."

ನನಗೆ ಅರ್ಥವಾಗಲಿಲ್ಲ ಎಂದು ಅದರ ಅರ್ಥ. ಅದನ್ನು ಸರಿಯಾಗಿ ಹೇಳುವವರೆಗೆ ಆಕೆ ಕಾಫಿ ಬಗ್ಗಿಸಲಿಲ್ಲ.

ಅರ್ಜಿಯ ಕರಡನ್ನು ಮೊದಲು ತೋರಿಸಿದ್ದು ಕೊಮ್‌ವುಕ್ಸಿನ ಸಲಹೆಗಾರ್ತಿಗೆ. ಒಳ್ಳೆಯ ಹೆಂಗಸು, ನನ್ನ ಬಗ್ಗೆ ನಿಜವಾದ ಕಾಳಜಿ ಇತ್ತು. ಭಾಷೆಗಳ ಜಾಗಕ್ಕೆ ಬಂದು ಆಕೆ ಪೆನ್ಸಿಲ್ ಕೆಳಗಿಟ್ಟಳು. ಪೂರ್ತಿ ಬರದ ಭಾಷೆಯನ್ನು ಇಲ್ಲಿ ಯಾರೂ ಬರೆಯುವುದಿಲ್ಲ, ಬರೆದರೆ ಜಂಭ ಎನಿಸುತ್ತದೆ, ಒಂದು ಕಡೆ ಅನುಮಾನ ಹುಟ್ಟಿದರೆ ಉಳಿದದ್ದಕ್ಕೂ ಅಂಟುತ್ತದೆ ಎಂದಳು. ತಾನು ಶಾಲೆಯಲ್ಲಿ ಕೆಲವು ವರ್ಷ ಜರ್ಮನ್ ಓದಿದ್ದರೂ ಎಲ್ಲಿಯೂ ಹೇಳಿಕೊಳ್ಳುವುದಿಲ್ಲ ಎಂದೂ ಸೇರಿಸಿದಳು. ಜಂಭ ಎಲ್ಲಿಂದ ಬಂತು, ಅರ್ಧ ಎಂದು ನಾನೇ ಬರೆದಿದ್ದೇನಲ್ಲ ಎಂದೆ. ಆಕೆ ನಕ್ಕು ಕರಡನ್ನು ನನ್ನ ಕಡೆಗೆ ಸರಿಸಿದಳು.

ಎರಡನೆಯ ಸಲಹೆ ನಮ್ಮವರದೇ. ಊರಿನಲ್ಲಿ ಬೆರಳೆಣಿಕೆಯ ಕನ್ನಡ ಮನೆಗಳಿದ್ದವು, ಬಹುಪಾಲು ಸಂಶೋಧನೆಗೆ ಬಂದವರು. ಅವರಲ್ಲಿ ಹಿರಿಯರೊಬ್ಬರು, ಬಂದು ಬಹಳ ವರ್ಷವಾಗಿದ್ದವರು. ಎಲ್ಲರಿಗೂ ಅವರು 'ಸರ್'. ಮನೆ ಹುಡುಕುವುದರಿಂದ ಹಿಡಿದು ಟ್ಯಾಕ್ಸ್ ತುಂಬುವವರೆಗೆ ಅವರ ಮಾತೇ ಕೊನೆಯ ಮಾತು. ನನ್ನ ಕರಡನ್ನು ಓದಿ ಕನ್ನಡಕ ತೆಗೆದರು.

"ಏನಮ್ಮಾ ಇದು? ಮುಕ್ಕಾಲು, ಅರ್ಧ... ತರಕಾರಿ ತೂಕ ಹಾಕ್ತಿದೀಯಾ?"

"ಬರೋದೇ ಅಷ್ಟು ಸರ್."

"ಎಲ್ಲಾದಕ್ಕೂ ಫ್ಲೂಯೆಂಟ್ ಅಂತ ಹಾಕು. ತೆಲುಗು, ತಮಿಳು ಇಲ್ಲಿ ಯಾರು ಚೆಕ್ ಮಾಡ್ತಾರೆ? ಸಿಕ್ಸ್ ಲ್ಯಾಂಗ್ವೇಜಸ್ ಅಂದ್ರೆ ಅವರು ಫ್ಲ್ಯಾಟ್ ಆಗೋಗ್ತಾರೆ. ಫಿನ್ನಿಶ್ ಒಂದು ತೆಗೆದುಬಿಡು, ಅದು ರಿಸ್ಕು."

"ಸುಳ್ಳಾಗತ್ತಲ್ಲ ಸರ್."

"ಸುಳ್ಳಲ್ಲಮ್ಮಾ, ಪ್ರೆಸೆಂಟೇಶನ್."

ಒಬ್ಬಳು ಅರ್ಧವನ್ನು ಸೊನ್ನೆ ಮಾಡು ಎಂದಳು, ಇನ್ನೊಬ್ಬರು ಪೂರ್ತಿ ಮಾಡು ಎಂದರು. ಅರ್ಧವನ್ನು ಅರ್ಧವಾಗಿರಲು ಬಿಡುವವರು ಯಾರೂ ಇರಲಿಲ್ಲ. ಗಂಡನ ಕಡೆ ತಿರುಗಿದರೆ ಅವನದು ಬೇರೆ ಸಂಕಟ.

"ನೋಡೇ, ನೀನು ಹೇಳೋದು ಸರಿ ಇರಬಹುದು. ಆದ್ರೆ ಒಂದೇ ಚಾನ್ಸ್ ಇರೋದು ನಮಗೆ. ಇದೊಂದಕ್ಕೆ ಯಾಕೆ ಹಟ?"

"ರೀ, ಇದೊಂದನ್ನ ಬಿಟ್ರೆ ಆ ಹಾಳೇಲಿ ನಾನು ಎಲ್ಲಿದೀನಿ ತೋರಿಸಿ. ಉಳಿದಿದ್ದೆಲ್ಲಾ ಯಾರು ಬೇಕಾದ್ರೂ ಬರೀತಾರೆ. ಜನಸೇವೆ ಅಂತೆ, ಕನಸಂತೆ!"

ಅವನು ಹಾಳೆಯನ್ನು ಇನ್ನೊಮ್ಮೆ ಓದಿದ, ತಲೆ ಕೆರೆದುಕೊಂಡು ನನಗೆ ವಾಪಸ್ಸು ಕೊಟ್ಟ. ಮಾರನೆಯ ದಿನ ಅರ್ಜಿಯನ್ನು ಅಂಚೆಗೆ ಹಾಕಿ ಬಂದೆ.

ಸಂದರ್ಶನಕ್ಕೆ ಕರೆ ಬಂತು. ಒಂದು ಚಿಕ್ಕ ಕೋಣೆ, ಮೇಜಿನ ಆಚೆ ಇಬ್ಬರು ಡಾಕ್ಟರು, ಒಬ್ಬಾಕೆ ನಡುವಯಸ್ಸಿನವರು, ಒಬ್ಬರು ನಿವೃತ್ತಿಗೆ ಹತ್ತಿರವಾದವರು. ಈ ದೇಶದಲ್ಲಿ ಡಾಕ್ಟರಿಗೂ ಪ್ರೊಫೆಸರಿಗೂ ನೀನು ಎಂದೇ ಹೇಳಬೇಕು. ನಾನೂ ಹಾಗೆಯೇ ಹೇಳಿದೆ. ಕನ್ನಡದಲ್ಲಿ ಹಾಗೆ ಬರೆಯಲು ಮಾತ್ರ ಕೈ ಬಾರದು, ನೀವು ಎಂದೇ ಬರೆಯುತ್ತೇನೆ.

ಆಕೆ ಮುಗುಳ್ನಕ್ಕು ಇಂಗ್ಲಿಷಿನಲ್ಲಿ, ನಿನಗೆ ಸುಲಭವಾಗುವುದಾದರೆ ಇಂಗ್ಲಿಷಿನಲ್ಲೇ ಮಾತಾಡಬಹುದು ಎಂದರು. ನನಗೆ ರೇಗಿತು. ಸ್ವೀಡಿಶ್‌ನಲ್ಲಿ ಹೇಳಿದೆ, "ರೋಗಿಗಳು ನನ್ನ ಸುಲಭ ನೋಡಿಕೊಂಡು ಮಾತಾಡುವುದಿಲ್ಲ. ಸ್ವೀಡಿಶೇ ಇರಲಿ."

ಆಮೇಲೆ ಒಂದಷ್ಟು ಹೊತ್ತು ಎಲ್ಲ ನೆಟ್ಟಗೆ ನಡೆಯಿತು. ಯಾಕೆ ಈ ವಯಸ್ಸಿನಲ್ಲಿ, ಲ್ಯಾಬಿನಲ್ಲಿ ಏನು ಮಾಡುತ್ತಿದ್ದೆ, ಸಾವು ನೋಡಿದ್ದೀಯಾ, ಹೀಗೆ. ಕೊನೆಗೆ ಆಕೆ ಹಾಳೆ ತಿರುವಿ ಭಾಷೆಗಳ ಮೇಲೆ ಬೆರಳಿಟ್ಟರು. ಬಹಳ ಮೆತ್ತಗೆ, ನನ್ನನ್ನು ಮುಜುಗರದಿಂದ ಉಳಿಸುವ ದನಿಯಲ್ಲಿ ಹೇಳಿದರು:

"ಇದು ಬಹುಶಃ ನಮ್ಮ ಪ್ರಶ್ನೆಯನ್ನು ತಪ್ಪು ತಿಳಿದು ಬರೆದದ್ದು. ಇದನ್ನು ಬಿಟ್ಟುಬಿಡೋಣ, ಉಳಿದ ಅರ್ಜಿ ಚೆನ್ನಾಗಿದೆ."

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಗಂಡನ ಮುಖ ಕಣ್ಣ ಮುಂದೆ ಬಂತು.

"ತಪ್ಪು ತಿಳಿದಿಲ್ಲ. ಅದನ್ನು ಬಿಟ್ಟು ನನ್ನನ್ನು ತೆಗೆದುಕೊಂಡರೆ, ನೀವು ತೆಗೆದುಕೊಳ್ಳುವುದು ಬೇರೆ ಯಾರನ್ನೋ," ಎಂದೆ.

ಅಲ್ಲಿಯವರೆಗೆ ಹೆಚ್ಚು ಮಾತಾಡದಿದ್ದ ಹಿರಿಯ ಡಾಕ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಬಾಯಿ ತೆರೆದರೆ ಫಿನ್ನಿಶ್! ಅವರ ತಾಯಿ ಫಿನ್ಲೆಂಡಿನವರು ಎಂದು ಆಮೇಲೆ ಹೇಳಿದರು. ಎಲ್ಲಿ ಕಲಿತೆ ಎಂದು ಕೇಳಿದ್ದರು. ನಮ್ಮ ಚಾಳಿ ಕೈಹಿಡಿಯಿತು. ಬಟ್ಟೆ, ಕೋಣೆ, ಮುದುಕಿ, ಕಾಫಿ ಎಂದು ನಾಲ್ಕು ಪದ ಜೋಡಿಸಿದೆ. ಅವರು ತಮ್ಮ ಭುಜ ಹಿಡಿದುಕೊಂಡು, ಇಲ್ಲಿ ನೋವು ಎಂದರು. ಯಾವಾಗಿನಿಂದ ಎಂದು ಕೇಳಿದೆ. ನಿನ್ನೆಯಿಂದ ಎಂದದ್ದು ತಿಳಿಯಿತು. ಆಮೇಲೆ ಅವರು ಉದ್ದಕ್ಕೆ ಏನೋ ಹೇಳಿದರು. ಒಂದಕ್ಷರ ತಿಳಿಯಲಿಲ್ಲ.

"ಎನ್ ಉಮ್ಮಾರಾ," ಎಂದೆ. ನಿಧಾನ ಎಂದು ಕೈಯಲ್ಲಿ ತೋರಿಸಿದೆ. ಅವರು ನಿಧಾನವಾಗಿ ಹೇಳಿದರು. ಆಗಲೂ ತಿಳಿಯಲಿಲ್ಲ. ಮತ್ತೆ ಅದನ್ನೇ ಹೇಳಿದೆ.

ಅವರು ಸ್ವೀಡಿಶ್‌ಗೆ ಹೊರಳಿದರು. ದನಿಯಲ್ಲಿ ಮೆತ್ತಗಿನದೇನೂ ಇರಲಿಲ್ಲ.

"ನಾನು ಹೇಳಿದ್ದು ಇದು: ಮೆಟ್ಟಿಲು ಹತ್ತಿದರೆ ನೋವು ಬರುತ್ತದೆ, ನಿಂತರೆ ಹೋಗುತ್ತದೆ. ನೋವು ಭುಜದಲ್ಲಿ, ಕಾಯಿಲೆ ಹೃದಯದಲ್ಲಿ. ನಿನಗೆ ತಪ್ಪಿದ್ದು ಸರಿಯಾಗಿ ಆ ಅರ್ಧ. ಆ ಅರ್ಧದಲ್ಲಿ ನಾನು ಸತ್ತಿದ್ದೇನೆ. ಈಗ ಹೇಳು, ಇದನ್ನು ಯಾಕೆ ಬರೆದೆ?"

 ಮೇಜಿನ ಮೇಲಿದ್ದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದೆ. 

"ತಪ್ಪಿತು, ನಿಜ," ಎಂದೆ. "ಆದರೆ ತಪ್ಪಿತೆಂದು ನನಗೂ ಗೊತ್ತಾಯಿತು, ನಿಮಗೂ ಎರಡು ಸಲ ಹೇಳಿದೆ. ಅರ್ಥವಾಗದೆ ತಲೆಯಾಡಿಸಿದ್ದರೆ ನೀವು ಸಾಯುತ್ತಿದ್ದಿರಿ. ಈಗ ನಾನು ದುಭಾಷಿಯನ್ನು ಕರೆಸುತ್ತೇನೆ. ಅವರು ಬರುವವರೆಗೆ ನಿಮ್ಮನ್ನು ಕುರ್ಚಿಯಿಂದ ಏಳಲು ಬಿಡುವುದಿಲ್ಲ. ಕೂರು ಎನ್ನಲು ನನಗೆ ಫಿನ್ನಿಶ್ ಬರುತ್ತದೆ. ಅದನ್ನೇ ಬರೆದಿದ್ದೇನೆ, ಅರ್ಧ ಎಂದು. ಪೂರ್ತಿ ಎಂದು ಬರೆದವರ ಕೈಗೆ ಸಿಕ್ಕಿದ್ದರೆ ಆಗ ಹೆದರಬೇಕಿತ್ತು ನೀವು."

 ಆಕೆ ಏನನ್ನೋ ಗುರುತು ಹಾಕಿಕೊಂಡರು. ಹಿರಿಯ ಡಾಕ್ಟರು ನನ್ನನ್ನು ನೋಡಿದರು, ಕಿಟಕಿಯನ್ನು ನೋಡಿದರು, ಆಮೇಲೆ ನಿನ್ನ ಕಡೆಯಿಂದ ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಕೈಕುಲುಕಿ ಕಳಿಸಿದರು.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದ.

"ಹೇಗಾಯ್ತು?"

"ಹಾರ್ಟ್ ಪೇಷಂಟ್ ಒಬ್ಬರನ್ನ ಸಾಯಿಸಿಬಿಟ್ಟೆ."

ನಡೆದದ್ದನ್ನೆಲ್ಲ ಹೇಳಿದೆ. ಅವನು ಸೋಫಾದ ಮೇಲೆ ಕುಸಿದು ತಲೆಯ ಮೇಲೆ ಕೈ ಹೊತ್ತ. ಆ ಅಧ್ಯಾಯ ಮುಗಿಯಿತು ಎಂದು ಇಬ್ಬರಿಗೂ ಅನ್ನಿಸಿತ್ತು. ಅಟ್ಟದ ಮೇಲಿನ ಸೂಟ್‌ಕೇಸುಗಳನ್ನು ಇಳಿಸಿ ಧೂಳು ಒರೆಸಿದೆ. ಅಳು ಬಂತು, ಅತ್ತೆ. ಬರೆದದ್ದಕ್ಕಲ್ಲ. ಸೀಟು ಅಷ್ಟು ಬೇಕಾಗಿತ್ತು, ಅದಕ್ಕೆ. ಆ ದಿನಗಳಲ್ಲಿ ಯಾರಾದರೂ ಬಂದು, ಇನ್ನೊಮ್ಮೆ ಅವಕಾಶ ಕೊಟ್ಟರೆ ಅದನ್ನು ಬಿಟ್ಟು ಬರೆಯುತ್ತೀಯಾ ಎಂದು ಕೇಳಿದ್ದರೆ, ಮೂಗು ಒರೆಸಿಕೊಂಡು ಇಲ್ಲ ಎನ್ನುತ್ತಿದ್ದೆ.

ಜುಲೈಯಲ್ಲಿ, ಊರಿಗೆ ಊರೇ ರಜೆಗೆ ಹೋಗಿ ಬೀದಿಗಳು ಬಿಕೋ ಎನ್ನುತ್ತಿದ್ದಾಗ, ಉತ್ತರ ಬಂತು. ನನಗೆ ಸೀಟು ಸಿಕ್ಕಿತ್ತು. ಕಾರಣ ಬರೆದಿರಲಿಲ್ಲ, ಅವರು ಬರೆಯುವುದೂ ಇಲ್ಲ. ಆ ಮಾತಿನಿಂದ ಸಿಕ್ಕಿತೋ, ಅದರ ಹೊರತಾಗಿಯೂ ಸಿಕ್ಕಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಂಡ ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿ, ಸೊಂಟ ಉಳುಕಿಸಿಕೊಂಡ. ಕೆಳಗಿನ ಮನೆಯ ಮುದುಕಿಗೆ ಹೇಳಿದಾಗ ಆಕೆ, ಹಾಗಾದರೆ ಇನ್ನು ಮೇಲೆ ಜಾಲರಿಯನ್ನು ಡಾಕ್ಟರ ಹಾಗೆ ತೊಳೆ ಎಂದಳು.

ಗಣೇಶನ ಹಬ್ಬಕ್ಕೆ ಕನ್ನಡದವರೆಲ್ಲ ಬಡಾವಣೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು ಸೇರಿದ್ದೆವು. ಊಟಕ್ಕೆ ಕೂರುವ ಮುಂಚೆ ಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊಸದಾಗಿ ಬಂದಿದ್ದ ದಂಪತಿಗಳನ್ನೆಲ್ಲ ಹತ್ತಿರ ಕರೆದರು.

"ಎಲ್ರೂ ಕೇಳಿ. ನಮ್ಮ ಹುಡುಗಿ ಮೆಡಿಕಲ್ ಸೀಟ್ ಹೊಡೆದಿದ್ದಾಳೆ. ಹೇಗೆ? ಸೆವೆನ್ ಲ್ಯಾಂಗ್ವೇಜಸ್! ಎಲ್ಲಾ ಫ್ಲೂಯೆಂಟ್! ಫಿನ್ನಿಶ್‌ನಲ್ಲೇ ಇಂಟರ್ವ್ಯೂ ಕೊಟ್ಟು ಬಂದಿದ್ದಾಳೆ. ಹೀಗಿರಬೇಕು ನೋಡಿ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಕೋಸಂಬರಿಯ ಪಾತ್ರೆಯಿತ್ತು. ಗಂಡ ಮೊಣಕೈಯಿಂದ ತಿವಿದ, ಬಿಟ್ಟುಬಿಡು ಎನ್ನುವ ಹಾಗೆ. ಹಬ್ಬದ ದಿನ, ಹಿರಿಯರು, ಅವರು ಹೊಗಳುತ್ತಿದ್ದದ್ದೂ ನನ್ನನ್ನೇ. ಆದರೆ ಅರ್ಧವೆಂದು ಬರೆದು, ಅರ್ಧಕ್ಕಾಗಿ ಬೈಸಿಕೊಂಡು, ಅರ್ಧವನ್ನೇ ಹಿಡಿದು ಆ ಕೋಣೆಯಲ್ಲಿ ಕೂತಿದ್ದವಳು ನಾನು. ಗೆದ್ದ ಮೇಲೆ ಅದನ್ನು ಪೂರ್ತಿ ಮಾಡಿ ಹಂಚಲು ಇವರು ಯಾರು?

ಪಾತ್ರೆಯನ್ನು ಮೇಜಿನ ಮೇಲಿಟ್ಟೆ.

"ಇಲ್ಲ ಸರ್. ಫ್ಲೂಯೆಂಟ್ ಅಲ್ಲ. ತೆಲುಗು ಮಾತು ಅರ್ಧ, ತಮಿಳು ಅರ್ಧ, ಫಿನ್ನಿಶ್ ಅರ್ಧ. ಅರ್ಧ ಅಂತಾನೇ ಬರೆದಿದ್ದೆ. ಇಂಟರ್ವ್ಯೂನಲ್ಲಿ ಅರ್ಥ ಆಗ್ಲಿಲ್ಲ ಅಂತಾನೇ ಹೇಳಿ ಬಂದಿದ್ದು."

"ಅಯ್ಯೋ, ಮಾಡೆಸ್ಟಿ ನೋಡಿ ಅವಳ್ದು," ಎಂದು ಸರ್ ನಕ್ಕರು. ಒಂದಿಬ್ಬರು ಜೊತೆಗೂಡಿದರು.

"ಮಾಡೆಸ್ಟಿ ಅಲ್ಲ ಸರ್. ಲೆಕ್ಕ."

ನಗು ನಿಂತಿತು. ಸರ್ ಮುಖ ಸ್ವಲ್ಪ ಕೆಂಪಾಯಿತು. ಯಾರೋ ಪೂಜೆಗೆ ಹೊತ್ತಾಯಿತು ಎಂದು ಮಾತು ತಿರುಗಿಸಿದರು. ಸರ್ ಆಮೇಲೆ ಕೆಲವು ತಿಂಗಳು ನನ್ನನ್ನು ಸರಿಯಾಗಿ ಮಾತಾಡಿಸಲಿಲ್ಲ. ನಾನೂ ಹೋಗಿ ಸಮಾಧಾನ ಮಾಡಲಿಲ್ಲ.

ಊಟವಾದ ಮೇಲೆ ತಟ್ಟೆ ತೊಳೆಯುತ್ತಿದ್ದಾಗ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು ನಿಂತಳು. ಮದುವೆಯಾಗಿ ಆ ಬೇಸಿಗೆಯಲ್ಲೇ ಬಂದವಳು, ಹಾಸನದ ಕಡೆಯವಳು, ನರ್ಸಿಂಗ್ ಓದಿದ್ದಳು. ವೃದ್ಧರ ಮನೆಯೊಂದರಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕು, ಆದರೆ ಭಾಷೆಯ ಜಾಗ ಬಂದಾಗ ಕೈ ನಿಂತುಬಿಡುತ್ತದೆ ಎಂದಳು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಅಕ್ಕಾ, ನಂಗೆ ಸ್ವೀಡಿಶ್ ಇನ್ನೂ ಕಾಲು ಭಾಗಾನೂ ಸರಿಯಾಗಿ ಬರಲ್ಲ. ಬರೀಬಹುದಾ?"

"ಬರಿ," ಎಂದೆ. "ಕಾಲು ಅಂತಾನೇ ಬರಿ."